ಮೂಲೆಯಲ್ಲಿ ಸಿಗದ ವಿಕರ್ಣ

ನೆಲಕ್ಕೆ ಟೈಲ್ಸ್ ಹಾಕುವುದರಲ್ಲಿ ಟೈಲ್ಸಕ್ಕನನ್ನು ಮೀರಿಸುವವರಿರಲಿಲ್ಲ. ಆದರೆ ಮೇಲ್ವಿಚಾರಕಿ ಆಗಬೇಕೆಂದರೆ ಮೌಖಿಕ ಪರೀಕ್ಷೆ ಪಾಸಾಗಬೇಕಲ್ಲ! ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು. ಮೊದಲ ಸಲ ವಿಕರ್ಣಕ್ಕೆ ‘ಓರೆಗೆರೆ’ ಎಂದಳು. ಎರಡನೆಯ ಸಲ ಪರೀಕ್ಷಕರು ತ್ರಿಭುಜವನ್ನು ಮಗುಚಿ ಬರೆದಿದ್ದರು. ಕೆಳಗೆ ಮಲಗಿದ್ದ ವಿಕರ್ಣವನ್ನೇ ಪಾದ ಎಂದುಬಿಟ್ಟಳು. ಇದು ಮೂರನೆಯ, ಕೊನೆಯ ಅವಕಾಶ. ಇಪ್ಪತ್ತು ವರ್ಷ ನೆಲಕ್ಕೆ ಊರಿದ ಮಂಡಿ ಇನ್ನೊಂದು ವರ್ಷ ಅವಳ ಮಾತು ಕೇಳುವ ಹಾಗಿರಲಿಲ್ಲ.

ಮಗಳೇ ಮೇಡಂ ಆದಳು. ಮೂಲೆಗೆಂದು ಕತ್ತರಿಸಿದ ಟೈಲಿನ ಚೂರೊಂದನ್ನು ಹಿಡಿದು ತಿರುಗಿಸುತ್ತ ಅಮ್ಮನ ಜೀವ ತಿಂದಳು.

“ಯಾವುದು ಓರೆ, ಯಾವುದು ಕೆಳಗೆ ಅಂತ ನೋಡ್ಬೇಡಮ್ಮಾ. ಮೊದಲು ಲಂಬಕೋನ ಹುಡುಕು, ತೊಂಬತ್ತು ಡಿಗ್ರಿ. ಅದರ ಎದುರಿಗಿರೋದೇ ವಿಕರ್ಣ, ಮೂರರಲ್ಲೂ ಉದ್ದ. ಮಿಕ್ಕ ಎರಡು ಪಾದ, ಲಂಬ.”

“ತಲೆಕೆಳಗೆ ಹಿಡಿದ್ರೆ?”

“ಆಗಲೂ ಅದೇ!”

“ಅಯ್ಯೋ, ಇಷ್ಟೇನಾ! ಇಷ್ಟಕ್ಕೆ ಎರಡು ವರ್ಷ ಒದ್ದಾಡಿದ್ನಾ ನಾನು?” ಟೈಲ್ಸಕ್ಕ ಖುಷಿಗೆ ಮಂಡಿನೋವನ್ನೂ ಮರೆತು ಕುಣಿದುಬಿಟ್ಟಳು.

ಪರೀಕ್ಷೆ ನಡೆದದ್ದು ತರಬೇತಿ ಕೇಂದ್ರದ ಹೊಸ ಕೋಣೆಯಲ್ಲಿ. ಎರಡು ಗೋಡೆ ಸೇರುವ ಮೂಲೆಗೆ ಅಡ್ಡಲಾಗಿ ಪರೀಕ್ಷಕರು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದ್ದರು. ಎರಡು ಗೋಡೆ, ಒಂದು ಗೆರೆ, ತ್ರಿಭುಜ ಸಿದ್ಧ.

“ಈ ಲಂಬಕೋನ ತ್ರಿಭುಜದಲ್ಲಿ ವಿಕರ್ಣ ತೋರಿಸಿ.”

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಳೆಯದೆ ಮೂಲೆಯನ್ನು ನಂಬುವ ಜಾಯಮಾನ ಟೈಲ್ಸ್ ಹಾಕುವವರದ್ದಲ್ಲ. ಗೋಡೆಯನ್ನು ನಂಬಿ ಮೊದಲ ಸಾಲು ಕೂರಿಸಿದರೆ ಕೊನೆಯ ಸಾಲು ಕೈಕೊಡುತ್ತದೆ. ಕೈ ತಾನಾಗಿಯೇ ಸೊಂಟದ ಟೇಪಿಗೆ ಹೋಯಿತು. ಒಂದು ಗೋಡೆಯ ಬುಡದಲ್ಲಿ ಮೂಲೆಯಿಂದ ಮೂರು ಅಡಿಗೆ ಗುರುತು, ಇನ್ನೊಂದರಲ್ಲಿ ನಾಲ್ಕಕ್ಕೆ. ಮೂಲೆ ಸರಿಯಿದ್ದರೆ ಎರಡು ಗುರುತುಗಳ ನಡುವೆ ಐದೇ ಅಡಿ ಬರಬೇಕು. ಬಂದದ್ದು ಐದು ಅಡಿ ಒಂದು ಇಂಚು!

ಗೆರೆ ತೋರಿಸಿ ಸುಮ್ಮನಾದರೆ ಪಾಸು. ಬಾಯಿಬಿಟ್ಟರೆ ಮೂರನೆಯ ಡುಮ್ಕಿಯೋ ಏನೋ! ಆದರೂ ತಡೆಯಲಾಗಲಿಲ್ಲ.

“ಸಾರ್, ಇದರಲ್ಲಿ ವಿಕರ್ಣವೇ ಇಲ್ಲ!”

“ಏನಂದ್ರಿ?”

“ಲಂಬಕೋನ ಇದ್ರೆ ತಾನೇ ಎದುರಿಗೆ ವಿಕರ್ಣ? ಈ ಮೂಲೆ ತೊಂಬತ್ತು ಡಿಗ್ರಿ ದಾಟಿಬಿಟ್ಟಿದೆ. ಇದು ಬರೀ ಉದ್ದದ ಬಾಹು, ಅಷ್ಟೇ. ಬೇಕಾದ್ರೆ ನೀವೇ ಅಳೀರಿ.”

ಪರೀಕ್ಷಕರು ಮುಖ ಗಂಟು ಹಾಕಿಕೊಂಡೇ ಟೇಪು ಹಿಡಿದರು. ಒಂದಲ್ಲ, ಮೂರು ಸಲ ಅಳೆದರು. ಆಮೇಲೆ ಗೋಡೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಗೊಳ್ಳೆಂದು ನಕ್ಕರು.

“ಬೆಳಗ್ಗೆಯಿಂದ ಹನ್ನೊಂದು ಜನ ಇದೇ ಗೆರೆ ತೋರಿಸಿದ್ರಮ್ಮಾ. ಹನ್ನೊಂದು ಜನಕ್ಕೂ ಸರಿ ಅಂತ ಗುರುತು ಹಾಕಿದ್ದೀನಿ ನಾನು! ಮೇಲ್ವಿಚಾರಣೆ ಅಂದ್ರೆ ಇದು ನೋಡಿ.” ಅವಳ ಹಾಳೆಯ ಮೇಲೆ ಕೂಡಲೇ ಸಹಿ ಬಿತ್ತು.

ಟೈಲ್ಸಕ್ಕ ಅಂಗಳಕ್ಕೆ ಓಡಿಬಂದು ಮಗಳಿಗೆ ಫೋನ್ ಮಾಡಿದಳು.

“ಅಮ್ಮಾ, ವಿಕರ್ಣ ಸರಿಯಾಗಿ ತೋರಿಸಿದ್ಯಾ?”

“ಇಲ್ಲ ಕಣೇ, ತೋರಿಸ್ಲೇ ಇಲ್ಲ!” ಟೈಲ್ಸಕ್ಕ ಅಳುತ್ತ ನಗುತ್ತ ಕೂಗಿದಳು. “ಅದಕ್ಕೇ ಪಾಸು!”