ಜೆಸ್ಸಿಯ ಪಾತ್ರೆ ಬಿದ್ದ ಉಕ್ಕು

ತಾನೂ ತಪ್ಪಬಹುದೆಂದು ಡೆನಿಸ್ ಪೊರ್ಬುಗಳಿಗೆ ಕನಸಿನಲ್ಲೂ ಅನಿಸಿದ್ದಿಲ್ಲ. ಕ್ರೈಸ್ತರನ್ನು ಗೌರವದಿಂದ ಪೊರ್ಬುಗಳೆಂದು ಕರೆಯುವ ಮಂಗಳೂರಿನಲ್ಲಿ, ಕದ್ರಿಯ ಇಳಿಜಾರಿನಲ್ಲಿ ಅವರದೊಂದು ಲೇತ್ ವರ್ಕ್‌ಶಾಪ್. ಎಪ್ಪತ್ತೆಂಟರ ಮಳೆಗಾಲದಲ್ಲಿ ಬಂದರಿನ ಮೀನುಬೋಟುಗಳಿಗೆ ಎಂಜಿನ್ನನ್ನು ಪಂಖದ ದಂಡಕ್ಕೆ ಜೋಡಿಸುವ ಉಕ್ಕಿನ ಕಪ್ಲಿಂಗ್ ಮಾಡಿಕೊಡಲು ಒಪ್ಪಿದ್ದರು. ಮಳೆ ನಿಂತು ಬೋಟುಗಳು ಕಡಲಿಗಿಳಿಯುವುದರೊಳಗೆ ಕೊಡದಿದ್ದರೆ ಬಂದರಿನವರು ಮತ್ತೆ ಈ ಬಾಗಿಲಿಗೆ ಬರುವವರಲ್ಲ.

ಅದಕ್ಕೆ ಉಕ್ಕಿನ ಎರಕ ಹೊಯ್ಯುತ್ತಿದ್ದವನು ದೇರೆಬೈಲಿನಲ್ಲಿ ಸ್ವಂತ ಕುಲುಮೆಯಿದ್ದ ಸಂಕಪ್ಪ. ಮೊದಲ ಎರಕದಲ್ಲಿ ಗಾಳಿಗುಳ್ಳೆ ಕಂಡದ್ದೇ ತಡ, ಡೆನಿಸ್ ಅಲ್ಲಿಗೆ ಹೋಗಿ ಹಾರಾಡಿದರು. ಕರಗಿದ ಉಕ್ಕಿನ ಗಾಳಿ ಅಡಗಲು ಸಿಲಿಕಾನ್ ಹಾಕುತ್ತೇನೆ, ಕೊನೆಗೆ ಚೂರು ಅಲ್ಯೂಮಿನಿಯಂ, ಈ ಸಲ ಸಿಲಿಕಾನ್ ಹೆಚ್ಚಿಸುತ್ತೇನೆ ಎಂದ ಸಂಕಪ್ಪ.

"ಅಲ್ಯೂಮಿನಿಯಂ ಧಾರಾಳ ಹಾಕು ಮಾರಾಯ! ಎಂತ ಜಿಪುಣತನ?"

"ಜಾಸ್ತಿ ಹಾಕಿದ್ರೆ ಒಳಗೆ ಗಟ್ಟಿ ಹರಳು ಉಳೀತದೆ, ಪೊರ್ಬುಗಳೇ."

"ನನಗೆ ನಿನ್ನ ಪಾಠ ಬೇಡ."

ಮರುದಿನ ಹೆಂಡತಿ ಜೆಸ್ಸಿಯ ಅಡುಗೆಮನೆಯಿಂದ ನೆಗ್ಗಿದ ಅಲ್ಯೂಮಿನಿಯಂ ಪಾತ್ರೆಗಳನ್ನೆಲ್ಲ ಗೋಣಿಯಲ್ಲಿ ತಂದು ಸಂಕಪ್ಪನ ಮುಂದೆ ಸುರಿದರು. ಆ ಭರಾಟೆಯಲ್ಲಿ ನೆಗ್ಗದವೂ ಕೆಲವು ಹೋದವು. ಗಿರಾಕಿಯ ಹಟಕ್ಕೆ ಸಂಕಪ್ಪ ಮಣಿದ.

ಎರಕವೇನೋ ಗುಳ್ಳೆಯಿಲ್ಲದೆ ಬಂತು. ಡೆನಿಸ್ ಮೀಸೆ ತಿರುವಿದರು. ಆದರೆ ಲೇತಿಗೆ ಹಾಕಿದರೆ, ಒಂದು ಕಪ್ಲಿಂಗ್ ಮುಗಿಯುವ ಮೊದಲೇ ಉಕ್ಕು ಕತ್ತರಿಸುವ ಟೂಲಿನ ಮೊನೆ ಸವೆದು ಮೊಂಡಾಗುತ್ತಿತ್ತು. ತಪ್ಪು ಯಾರದ್ದು? ಟೂಲಿಗೆ ಸಾಣೆ ಹಿಡಿಯುವ ಶೀನಪ್ಪನದ್ದೇ, ಇನ್ಯಾರದ್ದು! ತಮ್ಮ ಮದುವೆಗೂ ಮೊದಲಿನಿಂದ ಅಲ್ಲೇ ದುಡಿದಿದ್ದವನನ್ನು ಎಲ್ಲರೆದುರು ಕೆಲಸಗೇಡಿ ಎಂದು ಬೈದು ಹೊರಹಾಕಿದರು. ಅವನು ಕೊಡೆ ಬಿಡಿಸಿಕೊಂಡು ನಡೆದ.

ಅವನ ಜಾಗಕ್ಕೆ ಫಿಲಿಪ್ ಎಂಬವನು ಬಂದ. ಮೊನೆ ಸವೆಯುವುದು ನಿಲ್ಲಲಿಲ್ಲ. ಆಗ ಡೆನಿಸ್ ಸಂಕಪ್ಪನಲ್ಲಿಗೆ ಓಡಿದರು.

"ಆ ದಿನವೇ ಹೇಳಿದೆ ಅಲ್ವಾ? ಟೂಲ್ ತಿನ್ನುವುದು ಆ ಹರಳೇ. ಸಾಣೆಚಕ್ರದಲ್ಲಿ ಇರುವುದೂ ಅದೇ ಸಾಮಾನು."

ಇಷ್ಟಾದ ಮೇಲೆ ಬೇರೆಯವರಾಗಿದ್ದರೆ ತಲೆ ತಗ್ಗಿಸುತ್ತಿದ್ದರು. ಡೆನಿಸ್ ತಗ್ಗಿಸುವ ಜಾತಿಯವರಲ್ಲ. ಶೀನಪ್ಪನನ್ನು ಹುಡುಕಿಕೊಂಡು ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿಗೆ ಹೋದರು. ಮಾರ್ಕೆಟಿನ ಮೂಲೆಯಲ್ಲಿ ಶೀನಪ್ಪ ಮೀನು ಮಾರುವವಳ ಕತ್ತಿಗೆ ಸಾಣೆ ಹಿಡಿಯುತ್ತಿದ್ದ.

"ಶೀನಪ್ಪ, ಆದದ್ದು ಆಯಿತು. ನಿನ್ನನ್ನು ಕ್ಷಮಿಸಿದ್ದೇನೆ. ನಾಳೆಯಿಂದ ಬಾ."

ಕ್ಷಮಿಸಿದ್ದಾರಂತೆ! ಶೀನಪ್ಪ ಚಕ್ರ ನಿಲ್ಲಿಸಲಿಲ್ಲ.

"ಸಂಕಪ್ಪಣ್ಣ ಎಲ್ಲ ಹೇಳಿದ್ರು. ನಿಮಗೆ ಸಾಣೆ ಹಿಡಿಯುವವ ಎಂತಕ್ಕೆ ಪೊರ್ಬುಗಳೇ? ಉಕ್ಕಿನೊಳಗೇ ಸಾಣೆ ಹಾಕಿಸಿ ಇಟ್ಟಿದ್ದೀರಲ್ಲ."

ಮೀನಿನವಳು ಬಾಯಿಬಿಟ್ಟು ನಕ್ಕಳು. ಡೆನಿಸ್ ಬಸ್ಸಿನವರೆಗೂ ಬಯ್ಯುತ್ತಲೇ ಹೋದರು.

ಮಳೆ ನಿಂತಿತು. ಬೋಟುಗಳು ಬೇರೆ ಯಾರದೋ ಕಪ್ಲಿಂಗ್ ಹಾಕಿಕೊಂಡು ಕಡಲಿಗಿಳಿದವು. ಪೊರ್ಬುಗಳ ಅರೆಬರೆ ಕಪ್ಲಿಂಗ್‌ಗಳು ಅಂಗಳದಲ್ಲಿ ತುಕ್ಕು ಹಿಡಿದವು. ಗಂಜಿ ಬೇಯಿಸಲು ಪಾತ್ರೆ ಎಲ್ಲಿ ಎಂದು ಗಂಡನನ್ನು ಕೇಳುತ್ತ ಜೆಸ್ಸಿ, ಒಂದು ದಿನವೂ ತಪ್ಪದೆ, ಅವುಗಳತ್ತ ಕೈ ತೋರಿಸುತ್ತಿದ್ದಳು.