ಭರತಿ

ಭರಣಿಯ ಉಪ್ಪು ಮತ್ತೆ ನೀರೊಡೆದಿದೆ, ಒರೆಸಿದಷ್ಟೂ ಬೆರಳಿಗೆ ಅಂಟು, ಈ ಹೊಸ ಮನೆಯಲ್ಲಿ ಯಾವುದೂ ಪೂರ್ತಿ ಒಣಗುವುದಿಲ್ಲ, ಕೌದಿ ಒಣಗುವುದಿಲ್ಲ, ಘಟ್ಟದ ಮೇಲಿನ ತವರೂರು ಇಂದೂರಿನಿಂದ ತಂದ ಕಟಿ ರೊಟ್ಟಿ ಎರಡೇ ದಿನಕ್ಕೆ ಮೆತ್ತಗಾಯಿತು — ಕಿಟಕಿಯಾಚೆ ಗಾಳಿಮರಗಳ ಸುಯ್ಲು, ಮೊದಲ ವಾರ ಅದನ್ನು ಮಳೆಯೆಂದು ಬಟ್ಟೆ ತರಲು ಓಡುತ್ತಿದ್ದೆ, ಈಗ ಮಳೆಗೆ ಬೇರೆ ಸದ್ದು, ಮರಕ್ಕೆ ಬೇರೆ ಎಂದು ಕಿವಿ ಕಲಿತಿದೆ, ಮೂಗೂ ಕಲಿಯುತ್ತಿದೆ, ಮೊದಲಿದ್ದ ದಾಂಡೇಲಿಯಲ್ಲಿ ಕಾಗದದ ಗಿರಣಿಯ ಬಿದಿರು ಬೇಯುವ ವಾಸನೆ ಒಂದು ದಿನ ತಾನಾಗಿ ಇಲ್ಲವಾಗಿತ್ತಲ್ಲ ಹಾಗೆ ಈ ಮೀನಿನದೂ ಆಗುತ್ತದೆ, ಅತ್ತೆಗೆ ಮಾತ್ರ ಆಗಲಿಲ್ಲ, ಬಂದ ದಿನವೇ ಮೂಗಿಗೆ ಸೆರಗು ಹಿಡಿದು, ಈ ನಾತದಾಗ ಲಿಂಗಪೂಜಿ ಹೆಂಗ ಮಾಡ್ಲೆವಾ ಪೂರ್ಣಿಮಾ, ನನ್ನ ಅಣಶಿ ಘಟ್ಟದಾಗ ಇಳಿಸಿ ಬಂದಿದ್ರ ಮಂಗ್ಯಾನ ಜೋಡಿನರ ಇರ್ತಿದ್ನಿ, ಎಂದವರು ನೀರಿನಾಚೆ ಆ ಕರಿಬಂಡೆ ಕಂಡು ಒಲಿದರು, ಅಲ್ಲಿ ಗಾಳಿಯಷ್ಟೇ, ವಾಸನೆಯಿಲ್ಲ, ನೀರು ಸರಿದು ಮರಳು ತೆರೆದುಕೊಂಡಾಗ ಪೂಜೆಗೆ ನಡೆದೇ ಹೋಗುತ್ತಾರೆ, ಈಗಲೂ ಅಲ್ಲಿಯೇ ಇದ್ದಾರೆ — ಜೋಯಿಡಾದ ಕಾಡು ಇಳಿದ ಕಾಳಿ ನದಿ ನಮ್ಮ ಅಂಗಳದೆದುರೇ ಕಡಲು ಸೇರುತ್ತಾಳೆ, ದಾಂಡೇಲಿಯಲ್ಲಿ ಒಂದೇ ದಿಕ್ಕಿಗೆ ಹೋಗುತ್ತಿದ್ದವಳು ಇಲ್ಲಿ ಏನೋ ಮರೆತವಳಂತೆ ತಿರುಗಿ ಒಳಗೆ ಬರುತ್ತಾಳೆ, ಎಷ್ಟು ಹೊತ್ತು ನೋಡಿದರೂ ಸಾಲದು, ನೋಡುತ್ತ ನಿಂತಾಗಲೇ ಅಲ್ಲವೇ ಬೆಳಗ್ಗೆ ಪಕ್ಕದ ಮನೆಯ ಗೋದುಬಾಯಿ ಬೇಲಿಯ ಮೇಲಿಂದ, ಇವತ್ತು ಭರತಿ ಬೇಗ, ಬಾಯೀ, ಗೊತ್ತುಂಟಲ್ಲ, ಎಂದದ್ದು, ಎದೆ ಹಗುರಾಗಿ ಹಾರಿತು, ಬಂದರಿನಲ್ಲಿ ದಿನಗೂಲಿಯಾಗಿರುವ ನನ್ನ ಗಂಡ ರುದ್ರೇಶ ಕಾಯುತ್ತಿರುವುದೂ ಅದನ್ನೇ, ನಮ್ಮ ಕಡೆ ಭರತಿ ಎಂದರೆ ನೌಕರಿಗೆ ಸೇರಿಸಿಕೊಳ್ಳುವುದು, ನಿಮ್ಮ ಬಾಯಾಗ ಸಕ್ಕರಿ ಬೀಳ್ಲಿರಿ ಎಂದೆ, ಅವಳು ಕಣ್ಣರಳಿಸಿ, ಭರತಿಗೆ ಸಕ್ಕರೆಯಾ, ಘಟ್ಟದ ಮೇಲಿನವರು ನೀವು ಹೀಗೇ, ಎಂದು ನಕ್ಕು ಹೋದಳು, ಎಷ್ಟು ಒಳ್ಳೆಯ ನಗು, ನೌಕರಿ ಕಾಯಂ ಆದರೆ ಈ ಉಪ್ಪು, ಈ ಗಾಳಿ ಎಲ್ಲ ನಮ್ಮದೇ.

ಕೊಡ ಇಳಿಸಿದರೆ ಹಗ್ಗ ಸಡಿಲ, ಬಾವಿಯ ನೀರು ಇಷ್ಟು ಮೇಲಕ್ಕೆ ಬಂದದ್ದು ಯಾವಾಗ, ನದಿ ತಿರುಗಿದಾಗಲೆಲ್ಲ ಬಾವಿಯೂ ಏರುವುದನ್ನು ಗಮನಿಸಿದ್ದೇನೆ, ಅದಕ್ಕೊಂದು ಹೆಸರಿರಬೇಕು, ಗೋದಕ್ಕಾ, ಹಿಂಗ ನೀರ ಏರೂದಕ್ಕ ಏನಂತೀರಿ, ಬೇಲಿಯಾಚೆ ಮೀನು ಹರಡುತ್ತಿದ್ದವಳು ತಲೆಯೆತ್ತದೆ, ಭರತಿ, ಬೆಳಗ್ಗೆಯೇ ಹೇಳಿದೆನಲ್ಲ —

ಕೊಡ ಬಾವಿಗೆ ಬಿದ್ದ ಸದ್ದು ಹಿಂದೆ ಉಳಿಯಿತು, ಓಡುತ್ತಿದ್ದೇನೆ, ಮರಳ ದಾರಿ ಇದ್ದಲ್ಲಿ ನೀರು, ಬಂಡೆಯ ಅರ್ಧಕ್ಕೆ ನೀರು, ಅದರ ಮೇಲೆ ಅತ್ತೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಾರೆ, ಎಡ ಅಂಗೈಯಲ್ಲಿ ಲಿಂಗ, ಕಣ್ಣು ಅದರ ಮೇಲೆಯೇ, ಪೂಜೆ ಮುಗಿಯದೆ ಆ ಕಣ್ಣು ಏಳುವುದಿಲ್ಲ, ಮನೆಯಲ್ಲಿ ಹಾಲು ಉಕ್ಕಿ ಹರಿದರೂ ಎದ್ದದ್ದಿಲ್ಲ, ಆ ಹೊತ್ತಿನಲ್ಲಿ ಅವರನ್ನು ಯಾರೂ ಕೂಗಿದ್ದೂ ಇಲ್ಲ, ಅತ್ತೀ, ಎನ್ನುತ್ತೇನೆ, ಗಾಳಿ ತಿನ್ನುತ್ತದೆ, ಅತ್ತೀ, ನೀರು ಮೊಣಕಾಲಿಗೆ, ಸೊಂಟಕ್ಕೆ, ಹಿಂದೆ ಗೋದುಬಾಯಿ ಗಂಡನನ್ನು ಕೂಗುತ್ತಿದ್ದಾಳೆ, ಜ್ಯೋತಿಬಾ, ಹೋಡಿ ಕಾಡ್, ಹೊರತೆಗೆದ ದೋಣಿ ಮರಳಿಗೆ ಉಜ್ಜುವ ಸದ್ದು, ಅಂಗೈ ಮಿಸುಕುವುದಿಲ್ಲ, ಎದೆಯವರೆಗೆ ನೀರು, ಅಂಗೈ ಮಿಸುಕುವುದಿಲ್ಲ, ಆಗ ಸೊಸೆಯ ಬಾಯಲ್ಲಿ ಬರಬಾರದ್ದು ಬರುತ್ತದೆ, ನೀಲಕ್ಕಾ, ಅತ್ತೆಯ ಹೆಸರು, ಬರಿಯ ಹೆಸರು — ತಲೆ ಎದ್ದಿತು.

ದೋಣಿ ಮೊದಲು ಬಂಡೆಗೆ, ಅತ್ತೆಯನ್ನು ಹತ್ತಿಸಿಕೊಂಡು ಆಮೇಲೆ ನನ್ನ ಬಳಿಗೆ, ಕಾಲಡಿಯ ಮರಳು ಜಾರುತ್ತಿದೆ, ಮೇಲಿಂದ ಅತ್ತೆಯ ದನಿ, ಹೆಸರ ಹಿಡಿದು ಕರದ್ಯಲ್ಲವಾ, ಮನಿಗಿ ನಡಿ ಹೇಳ್ತೇನಿ, ಅವರ ಬಲಗೈ ದೋಣಿಯ ಅಂಚನ್ನು ಬಿಡಲಾರದು, ಚಾಚಿದ್ದು ಎಡಗೈ, ಪೂಜೆಯಲ್ಲಿ ಯಾರೂ ಮುಟ್ಟಬಾರದ ಕೈ, ಲಿಂಗವನ್ನು ಇನ್ನೂ ಕೆಳಗಿಡದ ಕೈ, ಅದು ನನ್ನ ಮಣಿಕಟ್ಟನ್ನು ಸುತ್ತಿ ಬಿಗಿಯಾಯಿತು, ಅವರ ಅಂಗೈ, ನನ್ನ ಮಣಿಕಟ್ಟು, ನಡುವೆ ಲಿಂಗ, ಅಂಗೈ, ಮಣಿಕಟ್ಟು, ನಡುವೆ —