ಅಲಿಕುಂಞಿಯ ಕಿವಿ

ಅರಬ್ ನಾಡಿನ ಸತ್ವಾದ ಗಲ್ಲಿಯೊಂದರ ಗ್ಯಾರೇಜಿನಲ್ಲಿ ಅಲಿಕುಂಞಿ ಮೂವತ್ತೊಂದು ವರ್ಷದಿಂದ ಹಳೆಯ ಕಾರುಗಳ ಟೈಮಿಂಗನ್ನು ಕಿವಿಯಿಂದಲೇ ಕೂರಿಸುತ್ತಿದ್ದ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡೆಲ್ಕೋವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ತಿರುಗಿಸುವುದು, ಕಿಡಿ ಸರಿಯಾದ ಹೊತ್ತಿಗೆ ಹಾರಿ ಇಂಜಿನ್ನಿನ ದನಿ ಹದಕ್ಕೆ ಬಂದಲ್ಲಿ ನಟ್ಟು ಬಿಗಿಯುವುದು. ಆದರೆ ಈ ರಂಜಾನ್ ಕಳೆದ ಮೇಲೆ ಎಡಗಿವಿಗೆ ಏನೋ ಮುಚ್ಚಿಕೊಂಡ ಹಾಗಿತ್ತು. ಯಾರಿಗೂ ಹೇಳಿರಲಿಲ್ಲ. ಕಿವಿ ಕೈಕೊಟ್ಟದ್ದು ಖಾತ್ರಿಯಾದ ದಿನ ಗ್ಯಾರೇಜನ್ನು ಅಳಿಯ ನಿಯಾಝನಿಗೆ ಬಿಟ್ಟು ಊರಿಗೆ ಹೋಗುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದ.

ಆ ದಿನ ಬಂದೇಬಿಟ್ಟಿತು ಅನಿಸಿತು. ಎಪ್ಪತ್ತಾರರ ಮಾಡೆಲಿನ ಬಿಳಿ ಕಾರಿಗೆ ಅವನು ಬೆಳಿಗ್ಗೆ ಕೂರಿಸಿದ ಟೈಮಿಂಗನ್ನು ನಿಯಾಝ್, ಪ್ರತಿ ಕಿಡಿಗೂ ಮಿನುಗುವ ಟೈಮಿಂಗ್ ಲೈಟ್ ಹಿಡಿದು ನೋಡಿದ. ಇಂಜಿನ್ನಿನ ಮುಂದೆ ತಿರುಗುವ ಪುಲ್ಲಿಯ ಮೇಲಿನ ಗೆರೆ ಹತ್ತು ಡಿಗ್ರಿಯಲ್ಲಿ ಕಾಣಬೇಕಿತ್ತು. ಇಪ್ಪತ್ತನಾಲ್ಕರಲ್ಲಿ ಮಿನುಗುತ್ತಿತ್ತು.

"ಎಂತ ಮಾಮ ಇದು? ಕಾರಾ, ರಾಕೆಟಾ?"

ಅಲಿಕುಂಞಿ ನಗಲಿಲ್ಲ. "ನೀನೇ ಕೂರಿಸು."

ನಿಯಾಝ್ ಪುಸ್ತಕದಲ್ಲಿದ್ದಂತೆ ಹತ್ತಕ್ಕೆ ಕೂರಿಸಿ ಜುಮೇರಾ ಕಡೆ ಒಂದು ಸುತ್ತು ಹೊಡೆದು ಬಂದ. ಗಾಡಿಗೆ ಎಳೆತವೇ ಇಲ್ಲ, ರೇಡಿಯೇಟರ್ ಕುದಿಯುತ್ತಿತ್ತು. ಪ್ಲಗ್ ಬದಲಿಸಿದ, ಕಾರ್ಬುರೇಟರ್ ಬಿಚ್ಚಿ ತೊಳೆದ. ಮತ್ತೆ ಅದೇ ಕಥೆ.

"ಲೈಟ್ ಸರಿ ಅಂತದೆ, ಗಾಡಿ ಅಲ್ಲ ಅಂತದೆ. ಯಾರನ್ನು ನಂಬುದು ಮಾರಾಯ್ರೆ?"

ಅಲಿಕುಂಞಿ ಬಾನೆಟ್ಟಿನೊಳಗೆ ಬಗ್ಗಿದ. ಬೆಳಿಗ್ಗೆ ಕೇಳಿದ ಆ ಹದವಾದ ದನಿ ನಿಜವಾಗಿ ಇಂಜಿನ್ನಿನದೋ, ಇಷ್ಟು ವರ್ಷ ಕೇಳಿದ್ದರ ನೆನಪೋ? ಬಗೆಹರಿಯಲಿಲ್ಲ.

"ಒಂದನೇ ಪ್ಲಗ್ ತೆಗಿ," ಎಂದ ಕೊನೆಗೆ. "ಲೈಟೂ ಬೇಡ, ಕಿವಿಯೂ ಬೇಡ. ಪಿಸ್ಟನ್ನನ್ನೇ ಕೇಳುವ."

ಪ್ಲಗ್ಗಿನ ತೂತಿನೊಳಗೆ ಉದ್ದದ ಸ್ಕ್ರೂಡ್ರೈವರ್ ಇಳಿಸಿ, ಇಂಜಿನ್ನನ್ನು ಪಾನೆಯಿಂದ ಮೆಲ್ಲಗೆ ತಿರುಗಿಸಿದರು. ಸ್ಕ್ರೂಡ್ರೈವರ್ ಏರುತ್ತ ಏರುತ್ತ ತುದಿಯಲ್ಲಿ ನಿಂತಿತು. ಪಿಸ್ಟನ್ ಪೂರ್ತಿ ಮೇಲಿದೆ ಅಂದರೆ ಗೆರೆ ಸೊನ್ನೆಯಲ್ಲಿರಬೇಕು. ಅದು ಹೆಬ್ಬೆರಳಗಲ ಆಚೆ ಇತ್ತು. ಪುಲ್ಲಿಯ ಒಳಬಳೆಗೂ ಹೊರಬಳೆಗೂ ನಡುವಿನ ರಬ್ಬರ್ ಇಲ್ಲಿನ ಸೆಕೆಗೆ ಒಣಗಿ, ಹೊರಬಳೆ ಗೆರೆಯ ಸಮೇತ ಜಾರಿಬಿಟ್ಟಿತ್ತು.

ನಿಯಾಝ್ ಸೊನ್ನೆಗೆ ಎದುರಾಗಿ ಚಾಕ್‌ನಿಂದ ಹೊಸ ಗೆರೆ ಎಳೆದು ಹತ್ತಕ್ಕೆ ಕೂರಿಸಿದ. ಡೆಲ್ಕೋ ಬಂದು ನಿಂತದ್ದು ಅಲಿಕುಂಞಿ ಬೆಳಿಗ್ಗೆ ನಿಲ್ಲಿಸಿದ ಜಾಗದಲ್ಲೇ.

ಖುಷಿಯಾಗಬೇಕಿತ್ತು. ಯಾಕೋ ಆಗಲಿಲ್ಲ. ಯಾರೋ ಹೆಗಲು ಮುಟ್ಟಿದಾಗ ತಿರುಗಿದ.

"ಮೂರು ಸಲ ಕರೆದೆ ಮಾಮ. ಕೇಳ್ಲಿಲ್ವಾ?"

"ಇಲ್ಲ," ಎಂದ. "ಎಡಗಡೆ ಕೇಳುದಿಲ್ಲ."

"ಮತ್ತೆ ಇದನ್ನು ಹೇಗೆ ಕೂರಿಸಿದ್ದು?"

ಅಲಿಕುಂಞಿ ಎಣ್ಣೆ ಮೆತ್ತಿದ ಬೆರಳುಗಳನ್ನು ನೋಡಿಕೊಂಡ. "ಗೊತ್ತಿಲ್ಲ ಮೋನೆ. ಸತ್ಯವಾಗಿ ಗೊತ್ತಿಲ್ಲ."

ನಿಯಾಝ್ ಸುತ್ತಿ ಬಂದು ಮಾವನ ಬಲಗಡೆ ನಿಂತ.

"ನಾಳೆ ದೇರಾದಿಂದ ಇನ್ನೊಂದು ಗಾಡಿ ಬರ್ತದೆ. ನೀವು ಕೂರಿಸಿ, ನಾನು ಪಿಸ್ಟನ್ ನೋಡ್ತೇನೆ."

ಹೂಂ ಅನ್ನಬೇಕೋ, ಖಲಾಸ್ ಅನ್ನಬೇಕೋ ತಿಳಿಯದೆ ಅಲಿಕುಂಞಿ ಕೇಳಿದ:

"ಎಷ್ಟು ಗಂಟೆಗೆ?"